ವಸ್ತ್ರದ ಕೆಳಗಿನ ಮಾತು

ನಮ್ಮ ಮನೆಯಲ್ಲಿ ದೊಡ್ಡ ವಿಷಯಗಳೆಲ್ಲ ತೀರ್ಮಾನವಾಗುತ್ತಿದ್ದದ್ದು ಅಪ್ಪನ ಹೆಗಲ ಮೇಲಿನ ವಸ್ತ್ರದ ಕೆಳಗೆ. ಹಾಗಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಒಂದು ಜೊತೆ ಚಪ್ಪಲಿ ಕೊಳ್ಳುವುದಕ್ಕೂ ಹತ್ತು ಜನರ ಬಾಯಿ ನೋಡುವವರು ಅವರು, ನನ್ನನ್ನು ನೋಡಿ ನಗುವ ಯೋಗ್ಯತೆ ಅವರಿಗಿಲ್ಲ. ನನಗೆ ಚಿಕ್ಕಂದಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಈ ಒಂದು ಸಂಗತಿಯನ್ನು ಹೇಳಲು ಹೊರಟರೆ ಸಿಟ್ಟು ಉಳಿಯುವುದಿಲ್ಲ, ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ಅದಕ್ಕೇ ಬಾಯಿಂದ ಹೇಳದೆ ಬರೆಯುತ್ತಿದ್ದೇನೆ. ಇಷ್ಟು ವರ್ಷ ಯಾಕೆ ಬರೆಯಲಿಲ್ಲ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಅಪ್ಪ ದಾವಣಗೆರೆಯ ಹತ್ತಿ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದ. ಆಗ ಪೇಟೆಯಲ್ಲಿ ದರ ಬಾಯಲ್ಲಿ ಹೇಳುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತು, ಕೈಗಳ ಮೇಲೆ ಒಂದು ವಸ್ತ್ರ ಹೊದಿಸಿಕೊಂಡು, ಅದರ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು, ಹಿಡಿದ ಬೆರಳಿನ ಲೆಕ್ಕದಲ್ಲೇ ದರ ತಿಳಿಸಿ ವ್ಯಾಪಾರ ಮುಗಿಸುತ್ತಿದ್ದರು. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ಇಬ್ಬರ ಮುಖ ಮಾತ್ರ. ಒಬ್ಬ ಕೊಳ್ಳುವವನು ಏನು ಹೇಳಿದ ಎಂದು ಕೇಳಿಸಿಕೊಂಡು ಇನ್ನೊಬ್ಬ ತನ್ನ ದರ ಬದಲಾಯಿಸುವ ಹಾಗಿಲ್ಲ. ಪ್ರತಿಯೊಬ್ಬನೂ ಮಾಲನ್ನು ತಾನೇ ನೋಡಿ, ತನ್ನ ಬುದ್ಧಿಯಿಂದಲೇ ಹೇಳಬೇಕು. ವಸ್ತ್ರದ ಕೆಳಗೆ ಆದ ಮಾತನ್ನು ಮೂರನೆಯವನ ಕಿವಿಗೆ ಹಾಕಿದ ದಲಾಲನನ್ನು ಪೇಟೆಯಲ್ಲಿ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ.

ಇದನ್ನು ಅಪ್ಪ ಮನೆಗೆ ತಂದದ್ದು ಅವ್ವನ ಸಲುವಾಗಿ. ನಮ್ಮ ಮನೆಯ ಹಿರಿಯ ಅಂದರೆ ದೊಡ್ಡಪ್ಪ, ಅಪ್ಪನ ಅಣ್ಣ. ಹೆಂಡತಿ ಬೇಗ ತೀರಿಕೊಂಡು, ಮಕ್ಕಳಿಲ್ಲದೆ, ನಮ್ಮ ಜೊತೆಗೇ ಇದ್ದವನು. ಮನಸ್ಸು ಬೆಣ್ಣೆ, ಗಂಟಲು ಮಾತ್ರ ಇಡೀ ಓಣಿಗೆ ಕೇಳುವಂಥದ್ದು. ಭಾವನ ಎದುರಿಗೆ ಅವ್ವ ಮಾತಾಡುವಂತಿರಲಿಲ್ಲ. ಸೆರಗು ಹೊದ್ದು ಬಾಗಿಲ ಮರೆಗೆ ನಿಲ್ಲುತ್ತಿದ್ದಳು, ಅಷ್ಟೇ. ಒಮ್ಮೆ ಆನೆಕೊಂಡದ ಕಡೆ ಒಂದು ಮನೆ ಬಾಡಿಗೆಗೆ ಸಿಕ್ಕಿತು. ದೊಡ್ಡಪ್ಪ ನೋಡಿ ಬಂದು, "ಅರಮನೆ ಇದ್ದಂಗೈತೆ!" ಎಂದ. ಅಪ್ಪ ಹೂಂ ಎಂದ. ಎಲ್ಲರೂ ಹೂಂ. ಬೇಸಿಗೆ ಬಂತು, ಹಿತ್ತಲ ಬಾವಿ ಬತ್ತಿತು. ಅವ್ವ ಎರಡು ಕೊಡ ಹೊತ್ತು ಅರ್ಧ ಮೈಲಿ ಓಡಾಡಿದಳು.

ಒಂದು ದಿನ ಕೊಡ ಇಳಿಸಿ, ಬೆನ್ನು ಹಿಡಿದುಕೊಂಡು ಅಂದಳು: "ಆ ಬಾವಿ ಬತ್ತತೈತೆ ಅಂತ ನಂಗೆ ಮೊದ್ಲೇ ಗೊತ್ತಿತ್ರೀ. ಅಲ್ಲಿ ಹೆಣ್ಮಕ್ಳು ಹೇಳಿದ್ರು."

ಅಪ್ಪ ಬೆರಗಾದ. "ಮತ್ತೆ ಯಾಕ ಹೇಳ್ಲಿಲ್ಲ?"

"ಭಾವ ಹೂಂ ಅಂದ ಮ್ಯಾಲೆ ನಾನೇನು ಹೇಳ್ಲಿ?"

ಅಪ್ಪ ಅವತ್ತು ಊಟ ಮಾಡಲಿಲ್ಲ. ಮನೆಯಲ್ಲೇ ಒಬ್ಬಳಿಗೆ ಗೊತ್ತಿದ್ದ ಸತ್ಯ ನಮಗೆ ಬಂದು ಮುಟ್ಟಲಿಲ್ಲವಲ್ಲ ಎಂಬುದು ಅವನನ್ನು ಬಹಳ ಕಾಡಿತು. ಮುಂದಿನ ಸಲ ಒಂದು ವಿಷಯ ಬಂದಾಗ ಹೆಗಲ ಮೇಲಿನ ವಸ್ತ್ರ ತೆಗೆದು ಕೈಮೇಲೆ ಹೊದ್ದುಕೊಂಡ. ಒಂದು ಬೆರಳು ಚಾಚಿದರೆ ಹೂಂ, ಮುಷ್ಟಿ ಕಟ್ಟಿದರೆ ಬ್ಯಾಡ. ಒಬ್ಬೊಬ್ಬರಾಗಿ ಬಂದು ವಸ್ತ್ರದ ಕೆಳಗೆ ಅವನ ಕೈಗೆ ಕೈ ಕೊಡಬೇಕು. ಎಲ್ಲರದೂ ಆಗುವ ತನಕ ಯಾರೂ ಬಾಯಿ ತೆಗೆಯಬಾರದು. "ಮೊದ್ಲು ಕೈ, ಆಮ್ಯಾಲೆ ಬಾಯಿ," ಎನ್ನುತ್ತಿದ್ದ. ದೊಡ್ಡಪ್ಪನಿಗೂ ಇದೇ ಕಾನೂನು. ಪಾಪ, ತುಟಿ ಬಿಗಿ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಕೂರುತ್ತಿದ್ದ.

ಕೈ ಕೊಡುವ ಮೊದಲು ಎಲ್ಲರೂ ಒಂದೊಂದು ಲೋಟ ನೀರು ಕುಡಿಯಬೇಕಿತ್ತು. ಹಸಿದ ಹೊಟ್ಟೆಯಲ್ಲಿ, ಸಿಟ್ಟಿನಲ್ಲಿ ಕೊಟ್ಟ ಕೈಯನ್ನು ಅಪ್ಪ ಒಪ್ಪುತ್ತಿರಲಿಲ್ಲ. ನನ್ನ ಮುಖ ನೋಡಿ, "ನೀನು ಇನ್ನೊಂದು ಲೋಟ ಕುಡಿಯವ್ವ," ಎನ್ನುತ್ತಿದ್ದ. ನಾನು ಮೊದಲ ಸಲ ಕೈ ಕೊಟ್ಟದ್ದು ಹತ್ತು ವರ್ಷದವಳಿದ್ದಾಗ, ನನ್ನನ್ನೇ ಮುಂದೆ ಶಾಲೆಗೆ ಕಳಿಸಬೇಕೋ ಬೇಡವೋ ಎಂಬ ವಿಷಯಕ್ಕೆ. ಒಂದು ಬೆರಳು ಕೇಳಿದ ಕಡೆ ಐದೂ ಬೆರಳು ಕೊಟ್ಟೆ. ಅಪ್ಪ ನಗಲಿಲ್ಲ. ಎಲ್ಲರ ಕೈಯೂ ಆದ ಮೇಲೆ, "ಹೋಗ್ಲಿ," ಎಂದ. ಯಾರು ಬೆರಳು ಕೊಟ್ಟರು, ಯಾರು ಮುಷ್ಟಿ ಕಟ್ಟಿದರು ಎಂದು ನಾನು ಎಷ್ಟು ಪೀಡಿಸಿದರೂ ಹೇಳಲಿಲ್ಲ.

ಅಪ್ಪನಿಗೆ ಇನ್ನೂ ಕೆಲವು ರೂಢಿಗಳಿದ್ದವು. ಹತ್ತಿ ಬರುತ್ತಿದ್ದದ್ದು ಆಳೆತ್ತರದ ಗೋಣಿ ಅಂಡಿಗೆಗಳಲ್ಲಿ. ಅಪ್ಪ ಮೇಲಿನ ಹಿಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ತೋಳು ಮಡಚಿ, ಭುಜದವರೆಗೆ ಕೈ ಇಳಿಸಿ ತಳದ ಹತ್ತಿ ಕಿತ್ತು ತೆಗೆದು, ಅದನ್ನು ಬಿಸಿಲಿಗೆ ಒಯ್ದು ನೋಡುತ್ತಿದ್ದ. "ಮ್ಯಾಲಿನ ಹತ್ತಿ ನಮಗೆ ತೋರ್ಸಾಕೆ ಇಟ್ಟಿದ್ದು. ತಳದಾಗೆ ಇರೋದೇ ಮಾಲು," ಎನ್ನುತ್ತಿದ್ದ. ಮನೆಗೆ ಯಾರಾದರೂ ಸಂಬಂಧ ತಂದರೂ, ಸುದ್ದಿ ತಂದರೂ, "ತಳ ನೋಡಿದ್ಯಾ?" ಎಂಬುದೇ ಅವನ ಮೊದಲ ಪ್ರಶ್ನೆ.

ಎರಡನೆಯದು ಅವನ ಮರದ ಪೆಟ್ಟಿಗೆ. ಅದರ ಬೀಗದ ಕೈ ಸದಾ ಅಪ್ಪನ ಉಡದಾರದಲ್ಲಿ ಇರುತ್ತಿತ್ತು. ಏನಾದರೂ ದೊಡ್ಡದನ್ನು ತೀರ್ಮಾನಿಸಿದ ದಿನ ಆ ಪೆಟ್ಟಿಗೆ ತೆರೆದು, ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ಏನೋ ಗೀಚಿ ಮತ್ತೆ ಬೀಗ ಹಾಕುತ್ತಿದ್ದ. ಅದೇನೆಂದು ಒಮ್ಮೆ ಕೇಳಿದೆ. "ಯಾಕ ಮಾಡಿದ್ದು ಅನ್ನೋದನ್ನ ಅವತ್ತೇ ಬರೆದಿಡಬೇಕವ್ವ. ಒಳ್ಳೇದಾತು ಅಂದ್ರೆ, ನಾನೇ ಶ್ಯಾಣ್ಯಾ ಅಂತೀವಿ. ಕೆಟ್ಟತು ಅಂದ್ರೆ ಹಣೆಬರಹ ಅಂತೀವಿ. ನಮ್ಮ ನೆನಪು ನಮಗೇ ಸುಳ್ಳು ಹೇಳ್ತತೆ," ಎಂದ. ನನಗೆ ಆಗ ಅರ್ಥವಾಗಲಿಲ್ಲ. ಮುದುಕರ ಮಾತು ಎಂದುಕೊಂಡೆ.

ರಾಜ್ಯ ಒಂದಾದ ಮರುವರ್ಷವೋ, ಅದರ ಮುಂದಿನದೋ. ನನಗೆ ಹದಿನೇಳು, ನನ್ನ ಅಣ್ಣನಿಗೆ ಇಪ್ಪತ್ತಮೂರು. ಅಣ್ಣ ಗರಡಿಯ ಹುಡುಗ. ಅವನನ್ನು ಪೈಲ್ವಾನ್ ಮಾಡಿದ್ದೇ ದೊಡ್ಡಪ್ಪ. ಮನೆಯಲ್ಲಿ ಹಾಲು ಕಾಯಿಸಿದರೆ ಮೊದಲ ಲೋಟ ಅಣ್ಣನದು. ನಾನು ಮುಖ ಊದಿಸಿಕೊಂಡರೆ, "ಕಡ್ಡಿ, ಬಾರೇ ಇಲ್ಲಿ," ಎಂದು ಕೆನೆಯನ್ನೆಲ್ಲ ನನ್ನ ಬಾಯಿಗೆ ಹಾಕುತ್ತಿದ್ದ. ನಾನು ಆಗ ಕಡ್ಡಿಯ ಹಾಗೇ ಇದ್ದೆ. ಹರಿಹರದ ಒಂದು ಮನೆಯ ಹುಡುಗಿಯ ಜೊತೆ ಅವನ ಲಗ್ನ ಗೊತ್ತಾಗಿತ್ತು. ಇನ್ನೆರಡು ತಿಂಗಳಿತ್ತು.

ಒಂದು ದಿನ ಅಪ್ಪನಿಗೆ ಬುತ್ತಿ ಕೊಡಲು ಪೇಟೆಗೆ ಹೋದ ಅಣ್ಣನ ಪಾದದ ಮೇಲೆ, ಹತ್ತಿ ತುಂಬಿದ ಗಾಡಿಯ ಚಕ್ರ ಹರಿಯಿತು. ಎತ್ತು ಬೆದರಿತ್ತಂತೆ. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಅಣ್ಣ ನಗುತ್ತಲೇ ಕುಂಟಿಕೊಂಡು ಬಂದ. ದೊಡ್ಡಪ್ಪ ಗರಡಿಯಲ್ಲಿ ಮಾಡುವಂತೆ ತಾನೇ ಸೊಪ್ಪು ಅರೆದು, ಅರಿಸಿನ ಎಣ್ಣೆ ಹಾಕಿ, ಬಿಗಿಯಾಗಿ ಪಟ್ಟಿ ಕಟ್ಟಿದ. "ಇಂಥವು ಎಷ್ಟು ನೋಡೀನಿ! ಎಂಟು ದಿನದಾಗೆ ಅಖಾಡಕ್ಕೆ ಇಳೀತಾನೆ," ಎಂದ. ನಾವೂ ನಂಬಿದೆವು. ಮೂರನೆಯ ದಿನ ಜ್ವರ ಬಂತು. ನಾಲ್ಕನೆಯ ದಿನ ಮನೆಯೊಳಗೆ ಒಂದು ವಾಸನೆ ಹಬ್ಬಿತು. ಅವ್ವ ಊದಿನಕಡ್ಡಿ ಹಚ್ಚಿದಳು. ವಾಸನೆ ಎಲ್ಲಿಂದ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಐದನೆಯ ದಿನ ಅಪ್ಪ ಜಟಕಾ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರು ಒಳಗೆ ಹೋಗಿ ನೋಡಿದರು. ಹೊರಗೆ ಬಂದು, ವರಾಂಡದಲ್ಲಿ ನಿಂತಿದ್ದ ನಮಗೆ ನಿಧಾನವಾಗಿ ಹೇಳಿದರು: "ಕೊಳೆತಿದೆ. ವಿಷ ಮೇಲಕ್ಕೆ ಏರ್ತಾ ಇದೆ. ಮೊಣಕಾಲಿನ ಕೆಳಗೆ ತೆಗೆದುಬಿಟ್ಟರೆ ಹುಡುಗ ಉಳೀಬಹುದು. ದೀಪ ಹಚ್ಚೋ ಹೊತ್ತಿನೊಳಗೆ ಒಪ್ಪಿಗೆ ಕೊಡಿ. ನಾಳೆ ಅಂದರೆ ನನ್ನ ಕೈಲಿ ಏನೂ ಇರೋದಿಲ್ಲ." ಆಗ ಹೊತ್ತು ನೆತ್ತಿಯ ಮೇಲಿತ್ತು.

ನಾನು ಒಳಗೆ ಓಡಿದೆ. ಅಣ್ಣನಿಗೆ ಎಲ್ಲ ಕೇಳಿಸಿತ್ತು. ಮಂಚದ ಮೇಲೆ ಬೆವೆತು ಮಲಗಿದ್ದವನು ನನ್ನ ಮಣಿಕಟ್ಟು ಹಿಡಿದುಕೊಂಡ. ಜ್ವರದ ಬಿಸಿ ನನ್ನ ಕೈಗೂ ಹತ್ತಿತು.

"ಅಪ್ಪ ವಸ್ತ್ರ ಹಾಸ್ತಾನೆ. ನೀ ಮುಷ್ಟಿ ಕೊಡು," ಎಂದ.

"ಅಣ್ಣಾ, ಡಾಕ್ಟ್ರು..."

"ಕಾಲಿಲ್ದೆ ನಾ ಇರಲ್ಲ ಕಡ್ಡಿ. ಎಷ್ಟು ಸಲ ಕೇಳಿದ್ರೂ ಮುಷ್ಟೀನೇ ಕೊಡ್ತೀನಿ ಅಂತ ಆಣೆ ಮಾಡು."

ಕೊರಳಲ್ಲಿದ್ದ ಲಿಂಗ ಮುಟ್ಟಿ ಆಣೆ ಮಾಡಿದೆ. ಅದು ತಪ್ಪು ಎಂದು ನನಗೆ ಆಗಲೇ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ಈಗ ಸುಳ್ಳು ಹೇಳಲಾರೆ.

ಆಸ್ಪತ್ರೆಯ ಅಂಗಳದಲ್ಲಿ ಒಂದು ಬೇವಿನ ಮರ. ಅದರ ಕೆಳಗೆ ನಾವೆಲ್ಲ ಸೇರಿದೆವು. ಅವ್ವ ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಅಪ್ಪ ಹೆಗಲಿನ ವಸ್ತ್ರಕ್ಕೆ ಕೈ ಹಾಕಿದ್ದಷ್ಟೇ, ದೊಡ್ಡಪ್ಪ ಸಿಡಿದ. ಅಷ್ಟು ವರ್ಷದಲ್ಲಿ ಅವನು ಆ ಕಾನೂನು ಮುರಿದದ್ದು ಅದೇ ಮೊದಲು.

"ಏನು ಕೇಳ್ತೀಯಲೇ ತಮ್ಮಾ? ಕಾಲಿಲ್ಲದ ಪೈಲ್ವಾನ! ಊರು ಆಡ್ಕಂಡು ನಗ್ತತೆ. ಹರಿಹರದ ಬೀಗರು ಹೆಣ್ಣು ಕೊಟ್ಟಾರಾ? ಹೊಳೆ ದಂಡೀಗೆ ಗಾಯಕ್ಕೆ ಔಷಧ ಹಾಕೋ ಒಬ್ಬಾತ ಅದಾನೆ. ಸಂಜೀ ರೈಲಿಗೆ ಹರಿಹರಕ್ಕೆ ಕರ್ಕಂಡು ಹೋಗಾಣ. ನನ್ನ ಮಗನ ಕಾಲು ಯಾವನು ಕಡೀತಾನೋ ನೋಡ್ತೀನಿ!"

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನಾನು ನೋಡಿರಲಿಲ್ಲ. ಅಪ್ಪ ಎಲ್ಲರಿಗೂ ನೀರು ಕುಡಿಸಿದ, ವಸ್ತ್ರ ಹೊದ್ದ. ದೊಡ್ಡಪ್ಪ, ಅವ್ವ, ನಾನು ಒಬ್ಬೊಬ್ಬರಾಗಿ ಕೈ ಕೊಟ್ಟೆವು. ಆಮೇಲೆ ಅಪ್ಪ ಒಳಗೆ ಹೋಗಿ ವಸ್ತ್ರದ ಕೆಳಗೆ ಅಣ್ಣನ ಕೈಯನ್ನೂ ಹಿಡಿದು ನೋಡಿ ಬಂದ. ಬಂದು ಮರಕ್ಕೆ ಒರಗಿದ.

"ನಾಕೂ ಮುಷ್ಟಿ," ಎಂದ. ಕೈಗಳ ಲೆಕ್ಕವನ್ನು ಬಾಯಿಬಿಟ್ಟು ಹೇಳಿದ್ದು ಅವನೂ ಅದೇ ಮೊದಲು. "ಪೇಟೆಯಾಗೆ ನಾಕು ಜನ ಒಂದೇ ದರ ಹಿಡಿದ್ರೆ, ಯಾವನೋ ಮೊದ್ಲೇ ಬಾಯಿ ಬಿಟ್ಟಾನೆ ಅಂತ ಅರ್ಥ. ಆ ವ್ಯಾಪಾರ ಮುರೀತೀವಿ. ಇವತ್ತು ಕೈಗಿಂತ ಮೊದ್ಲು ಬಾಯಿ ಬಂತು. ಇದು ನಡಿಯಲ್ಲ."

"ನನ್ನನ್ನ ಅಂತೀಯಾ?" ಎಂದ ದೊಡ್ಡಪ್ಪ.

"ನಿನ್ನೊಬ್ಬನ್ನೇ ಅಲ್ಲಣ್ಣ. ನನ್ನನ್ನೂ ಸೇರಿಸಿ ಅಂತೀನಿ. ಐದು ದಿನ ಆತು, ಆ ಪಟ್ಟಿ ಒಳಗೆ ಏನೈತೆ ಅಂತ ನಮ್ಮಲ್ಲಿ ಒಬ್ರಾದ್ರೂ ನೋಡೀವಾ? ಮ್ಯಾಲಿನ ಹಿಡಿ ನೋಡೇ ಮಾತಾಡಾಕೆ ಹತ್ತೀವಿ. ಬರ್ರಿ, ತಳ ನೋಡಾಣ."

ಡಾಕ್ಟರನ್ನು ಕೇಳಿ ಪಟ್ಟಿ ಬಿಚ್ಚಿಸಿದ. ಏನು ಕಂಡಿತು ಎಂದು ಪೂರ್ತಿ ಬರೆಯುವುದಿಲ್ಲ. ಪಾದ ಪಾದವಾಗಿ ಉಳಿದಿರಲಿಲ್ಲ. ಕಪ್ಪು ಬಣ್ಣ ಹಿಮ್ಮಡಿ ದಾಟಿ ಮೇಲೆ ಹತ್ತಿತ್ತು. ಡಾಕ್ಟರು ಮಧ್ಯಾಹ್ನವೇ ಆ ಕಪ್ಪು ನಿಂತ ಕಡೆ ಪೆನ್ನಿನಿಂದ ಒಂದು ಗೆರೆ ಎಳೆದಿದ್ದರಂತೆ. ಈಗ ಕಪ್ಪು ಆ ಗೆರೆಯಿಂದ ಒಂದು ಬೆರಳು ಮೇಲಿತ್ತು. ಅವ್ವ ಕದಲದೆ ನೋಡಿದಳು. ಅಣ್ಣ ಕೂಡ ತಲೆ ಎತ್ತಿ, ಮೊದಲ ಸಲ, ನೋಡಿದ. ದೊಡ್ಡಪ್ಪನಿಗೆ ನಿಲ್ಲಲಾಗಲಿಲ್ಲ. "ನಾನು ಕಟ್ಟಿದ ಪಟ್ಟಿ," ಎಂದಷ್ಟೇ ಅಂದು, ಗೋಡೆ ಹಿಡಿದುಕೊಂಡು ಹೊರಗೆ ಹೋದವನು ಸಂಜೆಯವರೆಗೂ ಒಳಗೆ ಬರಲಿಲ್ಲ. ಎರಡನೆಯ ಸಲ ಅವನು ಕೈ ಕೊಡಲೂ ಇಲ್ಲ.

ಆಮೇಲೆ ಅಪ್ಪ ನಮ್ಮನ್ನು ಒಬ್ಬೊಬ್ಬರನ್ನೇ ಬೇವಿನ ಮರದ ಹತ್ತಿರ ಕರೆದ. ಮೊದಲು ಅವ್ವನನ್ನು. ನಾನು ವರಾಂಡದ ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ.

"ಮುಂದಿನ ವರ್ಷ ಈ ಹೊತ್ತಿಗೆ ಮಗ ಇಲ್ಲ ಅಂತ ತಿಳ್ಕ," ಎಂದ ಅಪ್ಪ.

"ಬಿಡ್ತು ಅನ್ರೀ! ಬಿಡ್ತು ಅನ್ರೀ!" ಅವ್ವ ಅವನ ಬಾಯಿಗೆ ಕೈ ಅಡ್ಡ ಹಿಡಿಯಲು ಹೋದಳು.

"ಬಿಡ್ತು ಅಂತೀನಿ. ಆದ್ರೆ ಮೊದ್ಲು ಹೇಳು. ಮಗ ಇಲ್ಲ. ನಾವು ಏನು ಮಾಡಿದ್ದಕ್ಕೆ ಹೋದ ಅಂತ ನಿನ್ನ ಮನಸ್ಸು ಅಂತೈತೆ?" ಅವ್ವ ಸೆರಗಿನ ಹರಕೆಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು. "ಈಗ ಇನ್ನೊಂದು ತಿಳ್ಕ. ಮುಂದಿನ ವರ್ಷ ಒಂದು ಕಾಲಿನ ಮಗ ಕಟ್ಟೆ ಮ್ಯಾಲೆ ಕೂತು ನನ್ನನ್ನೂ ನಿನ್ನನ್ನೂ ಬಾಯಿಗೆ ಬಂದಂಗೆ ಬೈತಾ ಅದಾನೆ. ಎರಡರಾಗೆ ಯಾವ್ದು ತಡಕಂತಿ?"

ಅವ್ವನ ಕೈ ವಸ್ತ್ರದ ಕೆಳಗೆ ಹೋಯಿತು. ಕೈ ತೆಗೆದ ಮೇಲೆ ಅಪ್ಪ, "ಬಿಡ್ತು," ಎಂದ.

ನನ್ನ ಸರದಿ ಬಂತು. ಅದೇ ಎರಡು ಪ್ರಶ್ನೆ. ಅಣ್ಣ ಇಲ್ಲದ ಮನೆ ನನ್ನ ಕಣ್ಣಿಗೆ ಕಟ್ಟಿತು, ಹಾಲಿನ ಲೋಟ ಹಾಗೇ ತಣ್ಣಗಾಗಿ ಕೆನೆಗಟ್ಟಿದ್ದು ಕಂಡಿತು. ಬೆರಳು ಚಾಚಬೇಕು, ಚಾಚಬೇಕು ಅನ್ನಿಸುತ್ತಿತ್ತು. ಆದರೆ ಆಣೆ. ಲಿಂಗ ಮುಟ್ಟಿ ಮಾಡಿದ ಆಣೆ. ವಸ್ತ್ರದ ಕೆಳಗೆ ಅಪ್ಪನ ಅಂಗೈಯಲ್ಲಿ ನನ್ನ ಮುಷ್ಟಿ ಇಟ್ಟೆ. ಅಪ್ಪ ಆ ಮುಷ್ಟಿಯನ್ನು ಒಂದು ಗಳಿಗೆ ಹಿಡಿದುಕೊಂಡ, ಬಿಚ್ಚಿಸಲು ನೋಡಲಿಲ್ಲ, ಬಿಟ್ಟ. ನಾನು ಅಣ್ಣನನ್ನು ಕೊಲ್ಲಲು ಒಪ್ಪಿದ್ದೆ, ಅಷ್ಟೇ. ಅದಕ್ಕೆ ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದೆ.

ಕೊನೆಗೆ ಅಪ್ಪ ಅಣ್ಣನ ಹತ್ತಿರ ಹೋದ. ನಮ್ಮನ್ನು ಹೊರಗೆ ನಿಲ್ಲಿಸಿ ಬಾಗಿಲು ಮುಂದೆ ಮಾಡಿದ. ಸಂದಿಯಲ್ಲಿ ನನಗೆ ಕಂಡದ್ದು ಮಂಚದ ಮೇಲೆ ಹರಡಿದ ವಸ್ತ್ರ, ಅದರ ಆಚೆ ಅಪ್ಪನ ಬಗ್ಗಿದ ಬೆನ್ನು. ಬಹಳ ಹೊತ್ತಾಯಿತು. ಹೊರಗೆ ಬಂದವನ ಮುಖದಲ್ಲಿ ಏನೂ ಬರೆದಿರಲಿಲ್ಲ. ಪೇಟೆಯ ಮುಖ ಅದು. ನೇರ ಡಾಕ್ಟರ ಕೋಣೆಗೆ ಹೋಗಿ ರುಜು ಹಾಕಿದ.

ಅಣ್ಣನನ್ನು ಒಯ್ಯುವ ಹೊತ್ತಿಗೆ ಸುದ್ದಿ ತಿಳಿದು ಗರಡಿಯ ಹುಡುಗರೆಲ್ಲ ವರಾಂಡದಲ್ಲಿ ಸಾಲಾಗಿ ನಿಂತಿದ್ದರು. ಅವರ ನಡುವೆ ಹಾದುಹೋಗುವಾಗ ಅಣ್ಣ ಕೂಗಿದ: "ಅಪ್ಪಾ, ನನ್ನ ಕೊಂದ್ಯಲ್ಲೋ! ನಾ ಬ್ಯಾಡ ಅಂದ್ರೂ ಕೊಂದ್ಯಲ್ಲೋ!" ಆ ಹುಡುಗರು ಅಪ್ಪನನ್ನು ನೋಡಿದ ರೀತಿಯನ್ನು ನಾನು ಇನ್ನೂ ಮರೆತಿಲ್ಲ. ಅಪ್ಪ ತಲೆ ತಗ್ಗಿಸಿ, ವಸ್ತ್ರವನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ.

ಅಣ್ಣ ಬದುಕಿದ. ಹರಿಹರದ ಆ ಬೀಗರು ಹಿಂದೆ ಸರಿದರು, ದೊಡ್ಡಪ್ಪ ಹೇಳಿದ್ದರಲ್ಲಿ ಅದೊಂದು ನಿಜವಾಯಿತು. ಗರಡಿಯ ಕಡೆ ಅಣ್ಣ ಮುಖ ಹಾಕಲಿಲ್ಲ. ಒಬ್ಬರ ಹತ್ತಿರ ಗಡಿಯಾರ ರಿಪೇರಿ ಕಲಿತು, ದಾವಣಗೆರೆಯಲ್ಲಿ ಇರಲಾರೆ ಎಂದು ಹರಿಹರಕ್ಕೇ ಹೋಗಿ ಸ್ಟೇಷನ್ ರಸ್ತೆಯಲ್ಲಿ ಒಂದು ಪುಟ್ಟ ಅಂಗಡಿ ಇಟ್ಟ. ಅಲ್ಲೇ ಒಬ್ಬ ಒಳ್ಳೆಯ ಹುಡುಗಿ ಸಿಕ್ಕಳು, ಎರಡು ಮಕ್ಕಳಾದವು. ಹಬ್ಬಕ್ಕೆ ಮನೆಗೆ ಬರುತ್ತಿದ್ದ. ಅವ್ವನ ಜೊತೆ, ನನ್ನ ಜೊತೆ ಮಾತು. ಅಪ್ಪನ ಜೊತೆ ಇಲ್ಲ. ಅಪ್ಪನಿಗೆ ಕೇಳುವ ಹಾಗೆ ಮಾತ್ರ ಆಡುತ್ತಿದ್ದ: "ಮಗನ ಕಾಲು ಕಡಿಸಿದೋರು ಹಬ್ಬ ಮಾಡ್ತಾರೆ, ಹೋಳಿಗೆ ತಿಂತಾರೆ!" ಕಟ್ಟೆಯ ಮೇಲೆ ಊರುಗೋಲು ಒರಗಿಸಿ ಕೂತು ಅವನು ಬಯ್ಯುವುದನ್ನು ಅಪ್ಪ ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ. ಒಮ್ಮೆಯೂ ಎದ್ದು ಆಚೆ ಹೋಗಲಿಲ್ಲ.

ನನಗೆ ತಡೆಯಲಾಗದೆ ಒಂದು ಸಲ ಜಗಳಕ್ಕೇ ನಿಂತೆ. "ಅವ್ವ ಬೆರಳು ಕೊಟ್ಟಿದ್ಲು ತಾನೆ? ಅದನ್ನಾದ್ರೂ ಅಣ್ಣಗೆ ಹೇಳಪ್ಪ. ನೀನೊಬ್ನೇ ಯಾಕ ಬೈಸ್ಕಂತೀಯ?"

"ವಸ್ತ್ರದ ಕೆಳಗಿಂದು ವಸ್ತ್ರದ ಕೆಳಗೇ ಇರಬೇಕವ್ವ," ಎಂದ.

ನಾನು ಬಿಡಲಿಲ್ಲ. "ಅಣ್ಣ ಮುಷ್ಟಿ ಕಟ್ಟಿದ್ರೂ ನೀನು ಕಡಿಸಿದ್ಯಲ್ಲ, ಅದು ಯಾವ ನ್ಯಾಯ?" ಎಂದುಬಿಟ್ಟೆ. ಅಪ್ಪ ನನ್ನ ಮುಖ ನೋಡಿದ. "ಒಂದು ಲೋಟ ನೀರು ಕುಡಿ ಹೋಗು," ಎಂದ.

ಹೀಗೆ ಏಳೆಂಟು ವರ್ಷ. ನನ್ನ ಮದುವೆಯಾಯಿತು. ದೊಡ್ಡಪ್ಪ ತೀರಿಕೊಂಡ. ಆಮೇಲೆ ಒಂದು ಮಳೆಗಾಲದ ಶುರುವಿಗೆ ಅಪ್ಪನೂ ಹೋದ. ಅಣ್ಣ ಹರಿಹರದಿಂದ ಬಂದು, ಊರುಗೋಲಿನ ಮೇಲೆ ನಿಂತು ಮಣ್ಣು ಹಾಕಿದ. ಅವನ ಕಣ್ಣಲ್ಲಿ ನೀರು ಬರಲಿಲ್ಲ. ನನಗೆ ಅವನ ಮೇಲೆ ಅಸಾಧ್ಯ ಸಿಟ್ಟು ಬಂತು.

ಕಾರ್ಯವೆಲ್ಲ ಮುಗಿದ ಮೇಲೆ ಅವ್ವ ಆ ಬೀಗದ ಕೈಯನ್ನು ನಮ್ಮಿಬ್ಬರ ಮುಂದೆ ಇಟ್ಟಳು. ನಾನು ಪೆಟ್ಟಿಗೆ ತೆರೆದೆ. ಒಳಗೆ ಮಡಿಸಿಟ್ಟ ವಸ್ತ್ರ, ಎರಡು ಧೋತರ, ಒಂದು ಮೊಂಡು ಪೆನ್ಸಿಲು. ಮುಚ್ಚಳದ ಒಳಮೈ ತುಂಬ ಅಪ್ಪನ ಅಕ್ಷರ. ಆನೆಕೊಂಡದ ಮನೆಯ ಬಗ್ಗೆ ಇತ್ತು: "ಅಣ್ಣ ಹೂಂ ಅಂದನೆಂದು ನಾನೂ ಹೂಂ ಅಂದೆ. ನನ್ನ ತಪ್ಪು." ನನ್ನ ಶಾಲೆಯ ಬಗ್ಗೆ ಇತ್ತು: "ಬಾಯಿ ಜೋರಿದೆ, ಜೊತೆಗೆ ವಿದ್ಯೆಯೂ ಇರಲಿ." ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅದರ ಕೆಳಗಿನ ಸಾಲುಗಳಿಗೆ ಬಂದವಳು ಅಲ್ಲೇ ನಿಂತೆ.

"ಮಗನ ಕಾಲು. ತೆಗೆಸಿದೆ. ಆಕೆ ಬೆರಳು. ಮಗಳು ಮುಷ್ಟಿ. ಮಗ ಬೆರಳು. ಜೀವ ಅವನದು, ಬೆರಳೂ ಅವನೇ ಕೊಟ್ಟ. ಅದಕ್ಕೇ."

ಅದರ ಕೆಳಗೆ, ಬೇರೆ ದಿನ ಬರೆದಂತೆ, ಸ್ವಲ್ಪ ಓರೆಯಾಗಿ: "ಗರಡಿಯವರ ಮುಂದೆ ಹಾಗೆ ಕೂಗಿದ. ಕೂಗಲಿ. ಬೈಯಲಿ. ಬೈಯುವುದಕ್ಕಾದರೂ ಇರಲಿ."

ಮೂರು ಸಲ ಓದಿದೆ. ಎದ್ದು ಅಣ್ಣನಿಗೆ ಜಾಗ ಬಿಟ್ಟೆ. ಅವನು ಊರುಗೋಲು ಕೆಳಗಿಟ್ಟು, ನೆಲಕ್ಕೆ ಕೂತು, ಗಡಿಯಾರದ ಒಳಗನ್ನು ನೋಡುವವರ ಹಾಗೆ ತೀರಾ ಹತ್ತಿರ ಬಗ್ಗಿ ಓದಿದ. ಬೆನ್ನು ಎತ್ತಲೇ ಇಲ್ಲ. ಆಮೇಲೆ ಆ ಗಂಡಸು ಪೆಟ್ಟಿಗೆಯ ಅಂಚಿಗೆ ಹಣೆ ಇಟ್ಟು ಅತ್ತದ್ದು ಪಕ್ಕದ ಮನೆಯವರಿಗೂ ಕೇಳಿಸಿತು.

"ಯಾರ್ಗೂ ಹೇಳ್ಲಿಲ್ಲೇನೇ ಕಡ್ಡಿ ಅಪ್ಪ? ಅವ್ವಗೂ?"

"ಯಾರ್ಗೂ ಹೇಳ್ಲಿಲ್ಲ."

"ಕಾಲು ನೋಡಿದ ಮ್ಯಾಲೆ ಹೆದ್ರಿಬಿಟ್ಟೆ. ಸಾಯೋಕೆ ಹೆದ್ರಿದೆ. ಹುಡುಗ್ರು ಅಲ್ಲಿ ನಿಂತಿದ್ರಲ್ಲೇ... ಪೈಲ್ವಾನ ಹೆದ್ರಿದ ಅಂತ ಗೊತ್ತಾಗಬಾರ್ದು ಅಂತ ಕೂಗಿದೆ. ಒಂದು ಸಲ ಕೂಗಿದ್ದನ್ನ ವಾಪಸ್ಸು ತಗಳ್ಳಾಕಾಗ್ಲಿಲ್ಲ." ಆಮೇಲೆ 'ಮಗಳು ಮುಷ್ಟಿ' ಎಂದಿದ್ದ ಕಡೆ ಬೆರಳಿಟ್ಟ. "ನೀನು ಎರಡನೇ ಸಲಾನೂ ಮುಷ್ಟಿ ಕೊಟ್ಟೀಯ. ಆಣೆ ಉಳಿಸ್ಕಂಡಿ. ಮಾಡಿಸ್ಕಂಡ ನಾನೇ ಉಳಿಸ್ಕಳ್ಲಿಲ್ಲ."

"ನನ್ನ ಕೈಯಾಗೆ ಬಿಟ್ಟಿದ್ರೆ ನೀನು ಇವತ್ತು ಇರ್ತಿರ್ಲಿಲ್ಲ ಅಣ್ಣಾ," ಎಂದೆ. ಏಳೆಂಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತು ಅದು. ಹೇಳಿದ ಮೇಲೆ ನಾನೂ ಅವನ ಪಕ್ಕ ನೆಲಕ್ಕೆ ಕೂತೆ.

ಅವ್ವ ಬಾಗಿಲಲ್ಲಿ ನಿಂತಿದ್ದಳು, ಹಳೆಯ ರೂಢಿಯಂತೆ ಅರ್ಧ ಮರೆಯಲ್ಲಿ. ನಾನು ಪೆಟ್ಟಿಗೆಯಿಂದ ಅಪ್ಪನ ವಸ್ತ್ರ ತೆಗೆದು ಕೈಮೇಲೆ ಹೊದ್ದು ಅಣ್ಣನ ಮುಂದೆ ಚಾಚಿದೆ. "ಅಪ್ಪ ಮಾಡಿದ್ದು ಸರಿ ಐತಾ?" ಎಂದು ಕೇಳಿದೆ. ಗಡಿಯಾರದ ಎಣ್ಣೆ ಹತ್ತಿದ ಅವನ ಕೈ ವಸ್ತ್ರದ ಕೆಳಗೆ ಬಂತು. ಒಂದು ಬೆರಳು. ನನ್ನ ಅಂಗೈಯಲ್ಲಿ ಅದನ್ನು ಬಹಳ ಹೊತ್ತು ಬಿಡದೆ ಹಿಡಿದುಕೊಂಡೆ.

ಇದಾದ ಮೇಲೆ ನಾನು ನನ್ನ ಮನೆಯಲ್ಲೂ ವಸ್ತ್ರ ಹಾಸಿದೆ. ಮಕ್ಕಳಿಗೆ ನೀರು ಕುಡಿಸಿದೆ, ತಳ ನೋಡಿ ಎಂದು ಬೈದೆ, "ಮುಂದಿನ ವರ್ಷ ಇದು ಕೆಟ್ಟೋಯ್ತು ಅಂತ ತಿಳ್ಕಳ್ರಿ, ಯಾಕೆ ಕೆಡ್ತು ಹೇಳ್ರಿ" ಎಂದು ಕೇಳಿ ಅವರಿಂದ ಅಪಶಕುನದ ಬಾಯಿ ಅನ್ನಿಸಿಕೊಂಡೆ. ಆದರೆ ಒಂದನ್ನು ಮಾತ್ರ ಅಪ್ಪನಿಂದಲ್ಲ, ನನ್ನ ಮುಷ್ಟಿಯಿಂದಲೇ ಕಲಿತೆ. ವಿಷಯ ಏನೆಂದು ನೋಡುವ ಮೊದಲೇ ಯಾರಿಗೂ ಆಣೆ ಮಾಡುವುದಿಲ್ಲ, ಮಾಡಿಸಿಕೊಳ್ಳುವುದೂ ಇಲ್ಲ.

ಇಷ್ಟು ವರ್ಷ ಯಾಕೆ ಬರೆಯಲಿಲ್ಲ ಎಂದರೆ, ಅವತ್ತು ಮುಚ್ಚಳ ಮುಚ್ಚುವ ಮೊದಲು ಅಣ್ಣ ಒಂದು ಮಾತು ಕೇಳಿದ. ಆಣೆ ಮಾಡಿಸಲಿಲ್ಲ, ಸುಮ್ಮನೆ ಕೇಳಿದ. "ನಾನು ಇರೋತನ ಇದನ್ನ ಹೊರಗೆ ಹೇಳಬ್ಯಾಡ ಕಡ್ಡಿ. ನನಗೆ ಅಷ್ಟು ಧೈರ್ಯ ಇಲ್ಲ. ನಾನು ಹೋದ ಮ್ಯಾಲೆ ಎಲ್ರಿಗೂ ಹೇಳು. ನಮ್ಮಪ್ಪ ನನ್ನ ಕೊಲ್ಲಲಿಲ್ಲ ಅಂತ ಹೇಳು."

ಅಣ್ಣ ಹೋದ ತಿಂಗಳು ಹರಿಹರದಲ್ಲಿ ತೀರಿಕೊಂಡ. ಎಂಬತ್ತು ದಾಟಿತ್ತು.